ಕನ್ನಡ ಮರೆತ ಕೊರಿಯಾ ರಾಜ

ಇಪ್ಪತ್ತನೇ ಕಂತಿನವರೆಗೆ ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಿದ್ದ ಕೊರಿಯಾದ ರಾಜ, ಇಪ್ಪತ್ತೊಂದನೇ ಕಂತಿಗೆ ಇದ್ದಕ್ಕಿದ್ದಂತೆ ಕನ್ನಡ ಮರೆತುಬಿಟ್ಟ. ರಾಜನೊಬ್ಬನೇ ಅಲ್ಲ. ಮಂತ್ರಿ, ಸೇನಾಪತಿ, ಅಡುಗೆಯವಳು, ಬಾಗಿಲು ಕಾಯುವವನು, ಎಲ್ಲರೂ ಒಂದೇ ವಾರದಲ್ಲಿ ಮರೆತಿದ್ದರು. ಕನ್ನಡದ ದನಿ ಕೊಡುವವರು ಅಲ್ಲಿಗೇ ಕೈ ಬಿಟ್ಟಿದ್ದರೋ ಏನೋ. ಟಿವಿಯ ಕೆಳಗಡೆ ಇಂಗ್ಲಿಷ್ ಅಕ್ಷರಗಳು ಇರುವೆ ಸಾಲಿನ ಹಾಗೆ ಬಂದು ಹೋಗುತ್ತಿದ್ದವು. ಅವನ್ನು ಓದುವವರು ಲಗ್ಗೆರೆಯ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮನೆಯೊಡತಿ ಅಂಜಿನಮ್ಮ ರಿಮೋಟನ್ನು ಅಂಗೈಗೆ ಎರಡು ಸಲ ಬಡಿದರು. ಅದರ ಬೆನ್ನು ಬಿಚ್ಚಿ, ಸೆಲ್ಲುಗಳನ್ನು ಉರುಳಿಸಿ, ಮತ್ತೆ ಮುಚ್ಚಿದರು. ರಾಜ ಜಗ್ಗಲಿಲ್ಲ.

“ನೋಡೇ ಈಶ್ವರಮ್ಮ, ಓದ್ವಾರ ಆ ಚಿಕ್ಕ ರಾಜಕುಮಾರನ್ನ ದ್ವೀಪಕ್ಕೆ ಅಟ್ಟುದ್ರು. ಬದುಕವ್ನೋ ಸತ್ತವ್ನೋ ಗೊತ್ತಾಗ್ದೆ ನಂಗೆ ಅನ್ನ ಎಂಗೆ ಇಳೀತದೆ?”

“ಸತ್ತಿರ್ತಾನೆ ಬಿಡಕ್ಕ,” ಎಂದಳು ಎದುರುಮನೆಯ ಈಶ್ವರಮ್ಮ. ಪ್ರತಿ ಭಾನುವಾರ ಮಧ್ಯಾಹ್ನ ಒಂದು ಮಡಿಲು ಕಡಲೆಕಾಯಿ ತಂದು ಇಲ್ಲಿ ಕೂತು, ಮುಂದೆ ಯಾರು ಸಾಯುತ್ತಾರೆ ಎಂದು ಹೇಳುವುದು ಅವಳ ಪದ್ಧತಿ. ಅಂಜಿನಮ್ಮನ ಗಂಡ ಆಂಜಿನಪ್ಪ ಆ ಹೊತ್ತು ಮುಗಿಯುವವರೆಗೆ ಹೊರಗಿನ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಸಂಗಣ್ಣ ಬಂದು ಕೆಮ್ಮಿದ.

ಸಂಗಣ್ಣ ಬಾದಾಮಿ ಕಡೆಯವನು. ಎಂಟು ತಿಂಗಳಿಂದ ಹಿಂದುಗಡೆಯ ರೂಮಿನಲ್ಲಿ ಬಾಡಿಗೆಗಿದ್ದ. ಅವನ ಹೆಂಡತಿ ಮಹಾನಂದಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಐದಕ್ಕೇ ಎದ್ದು ಜೋಳದ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಅವಳ ಒಲೆಗೂ ಅಂಜಿನಮ್ಮನ ಮಂಚಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. “ತಲೆಯೊಳಗೆ ಯಾರೋ ಬಟ್ಟೆ ಒಗ್ದಂಗಾಯ್ತದೆ,” ಎಂದು ಎಂಟು ತಿಂಗಳು ಹೇಳಿ ನೋಡಿ, ಅಂಜಿನಮ್ಮ ಮೊನ್ನೆ ಒಂದೇ ಮಾತು ಹೇಳಿದ್ದರು: ತಿಂಗಳ ಕೊನೆಗೆ ರೂಮು ಖಾಲಿ.

ಎರಡು ವರ್ಷದಲ್ಲಿ ಇದು ಅವರ ಮೂರನೇ ರೂಮು. ಹಿಂದಿನ ಎರಡನ್ನೂ ರೊಟ್ಟಿಯೇ ಬಿಡಿಸಿತ್ತು. ಬೇರೆ ಕಡೆ ಕೇಳಲು ಹೋದರೆ ಓನರುಗಳು ಊರು ಕೇಳುವ ಮೊದಲೇ “ರೊಟ್ಟಿಯೋರಾ?” ಎನ್ನುತ್ತಿದ್ದರು. “ಸಾಮಾನು ಹೊತ್ತು ಹೊತ್ತು ನನ್ನ ಸೊಂಟ ಬಿದ್ದು ಹೋಗೇತಿ. ಇವತ್ತ ಹೋಗಿ ಕಾಲರ ಹಿಡಿ, ಕೈಯರ ಹಿಡಿ, ರೂಮ್ ಉಳಿಸ್ಕೊಂಡು ಬಾ,” ಎಂದು ಮಹಾನಂದಾ ಗಂಡನನ್ನು ದಬ್ಬಿ ಕಳಿಸಿದ್ದಳು.

“ಅಮ್ಮಾರ, ಆ ರೂಮಿನ ಸುದ್ದಿ ಒಂಚೂರು...” ಎಂದು ಸಂಗಣ್ಣ ಶುರು ಮಾಡಿದ.

ಅಂಜಿನಮ್ಮ ಅವನನ್ನು ನೋಡಿದ್ದೇ, ಕಳೆದ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂದಂತೆ ಮುಖ ಅರಳಿಸಿದರು. “ಏಯ್ ಸಂಗಣ್ಣ! ನೀನು ಪೀಣ್ಯದಾಗೆ ಕೊರಿಯಾದೋರ ಫ್ಯಾಕ್ಟ್ರಿ ಅಲ್ವೇನ್ಲಾ?”

“ಹೂಂರಿ. ನಾಕು ವರ್ಸ ಆತ್ರಿ.”

“ಅವ್ರ ಮಾತು ಬತ್ತದಾ?”

ಸಂಗಣ್ಣನಿಗೆ ಬರುತ್ತಿದ್ದದ್ದು ಎರಡು ಮಾತು. ಒಂದು, ಸಾಹೇಬರು ಎದುರಾದಾಗ ಸೊಂಟ ಬಗ್ಗಿಸಿ ಹೇಳುವ ನಮಸ್ಕಾರ. ಇನ್ನೊಂದು, ಅವನು ಪೆಟ್ಟಿಗೆ ಕಟ್ಟುವಾಗ ಆ ಸಾಹೇಬರು ಬೆನ್ನ ಹಿಂದೆ ನಿಂತು ಹೇಳುವ “ಪಲ್ಲಿ ಪಲ್ಲಿ”. ಅಂದರೆ ಬೇಗ ಬೇಗ. ಆದರೆ ವಠಾರದ ನಲ್ಲಿಯ ಹತ್ತಿರ ಅವನು ಈ ಎರಡನ್ನೇ ಇಪ್ಪತ್ತು ಮಾಡಿ ಹೇಳಿಕೊಂಡಿದ್ದ.

“ಅಷ್ಟಿಷ್ಟು ಬರ್ತೈತ್ರಿ...”

“ಕುಂತ್ಕೋ. ಇದ್ರಾಗೆ ಏನಂತಾವ್ರೆ ಅಂತ ಒಂದೂ ಬಿಡ್ದೆ ಏಳು. ಸರ್ಯಾಗ್ ಏಳ್ಬುಟ್ರೆ ರೂಮಿನ ಮಾತು ನೋಡಾನ.”

ಸಂಗಣ್ಣ ಕೂತ. ಗೊತ್ತಿಲ್ಲ ಎಂದರೆ ರೂಮು ಹೋಗುತ್ತದೆ. ಗೊತ್ತು ಎಂದರೆ ಏನಾಗುತ್ತದೋ ಆಮೇಲೆ ನೋಡಿದರಾಯಿತು ಎಂದುಕೊಂಡ.

ಪರದೆಯ ಮೇಲೆ ಕೆಂಪು ನಿಲುವಂಗಿಯ, ಮೇಕೆ ಗಡ್ಡದ ಮುದುಕನೊಬ್ಬ ರಾಜನ ಮುಂದೆ ಹಣೆ ನೆಲಕ್ಕಿಟ್ಟು ಗೊಳೋ ಎಂದು ಅಳುತ್ತಿದ್ದ.

“ಪಾಪ, ಬಾಳ ಚೊಲೋ ಮನಸ್ಯಾ ಅದಾನ್ರಿ. ಎಲ್ಲಾರೂ ಚಂದಾಗಿರ್ಲಿ ಅನ್ನಾಕತ್ತಾನ್ರಿ,” ಎಂದ ಸಂಗಣ್ಣ.

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. “ಯಾರು, ಆ ಕಳ್ಳ ಮಂತ್ರೀನಾ? ರಾಜಮಾತೆ ಕಷಾಯಕ್ಕೆ ವಿಷ ಬೆರ್ಸಿದ್ದೇ ಅವ್ನಲ್ವೇನೋ!” ಎಂದಳು ಈಶ್ವರಮ್ಮ.

“ಅದನ್ನ ಹೇಳಾಕ ಬಂದೆ ಅಕ್ಕಾರ. ಬಾಯಾಗ ಹಂಗಂತಾನ್ರಿ. ಹೊಟ್ಟ್ಯಾಗ ಬ್ಯಾರೆ ಐತ್ರಿ.”

“ಅಂಗೇಳು ಮತ್ತೆ!” ಎಂದ ಅಂಜಿನಮ್ಮ ಒಂದು ಹಿಡಿ ಸಿಪ್ಪೆಯನ್ನು ಮಂತ್ರಿಯ ಮುಖಕ್ಕೆ ಎಸೆದರು. ಅವರು ಧಾರಾವಾಹಿ ನೋಡುವುದೇ ಹಾಗೆ, ಪಂಚಾಯ್ತಿ ಕಟ್ಟೆಯ ಯಜಮಾನರ ಥರ. ಒಬ್ಬರನ್ನು ಗದರುವುದು, ಒಬ್ಬರಿಗೆ ಬುದ್ಧಿ ಹೇಳುವುದು, ಕತ್ತಿ ಹೊರಬಂದರೆ ಎದ್ದು ನಿಲ್ಲುವುದು.

ಮಂತ್ರಿ ಎದ್ದು ಮೂರು ನಿಮಿಷ ಬಿಡದೆ ಮಾತಾಡಿದ. ಸಂಗಣ್ಣನಿಗೆ ಏನೂ ಹೊಳೆಯಲಿಲ್ಲ. “ಒಲ್ಲೆ ಅಂದ್ರಿ,” ಎಂದ.

“ಅಷ್ಟೊತ್ತು ವದರಿ ಅಷ್ಟೇನಾ?” ಈಶ್ವರಮ್ಮ ಕಣ್ಣು ಸಣ್ಣದು ಮಾಡಿದಳು.

“ಅವರ ಭಾಷಾನ ಅಷ್ಟು ಉದ್ದ್ರಿ.”

ಆಮೇಲೆ ರಾಜಮಾತೆ ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆಯಷ್ಟು ಜಡೆ, ನೆರಿಗೆ ತುಂಬಿದ ಮುಖ. ಮಂತ್ರಿಯ ಕಡೆ ನೋಡಿ ಒಂದೇ ಅಕ್ಷರ ನುಡಿದಳು. ಈ ಸಲ ಕಡಿಮೆಯಾಗಬಾರದೆಂದು ಸಂಗಣ್ಣ, ಆಕೆ ಸೊಸೆಯಾಗಿ ಬಂದ ದಿನದಿಂದ ಹಿಡಿದು ಅರಮನೆಯ ಕಷ್ಟಸುಖವನ್ನೆಲ್ಲ ಹೇಳಿಸಿದ.

“ಒಂದಕ್ಷರದೊಳ್ಗೆ ಇಷ್ಟೆಲ್ಲ ಇತ್ತಾ?” ಎಂದಳು ಈಶ್ವರಮ್ಮ.

“ದೊಡ್ಡ ಮನಿತನದವರ್ರಿ. ಅವರು ಸಣ್ಣ ಮಾತಿನ್ಯಾಗ ಬಾಳ ಹೇಳ್ತಾರ್ರಿ.”

“ನಿಜ,” ಎಂದು ಅಂಜಿನಮ್ಮ ತಲೆದೂಗಿದರು. ತಾವೂ ಅಂಥವರೇ ಎಂದು ಅವರಿಗೆ ಅನ್ನಿಸಿರಬೇಕು.

ಅಷ್ಟರಲ್ಲಿ ಅರಮನೆಯ ಅಂಗಳದಲ್ಲಿ ಕಾವಲುಗಾರರು ಕತ್ತಿ ಹಿರಿದು ಓಡಿದರು. ಮುಂದಿದ್ದವನು “ಪಲ್ಲಿ! ಪಲ್ಲಿ!” ಎಂದು ಕೂಗಿದ. ಸಂಗಣ್ಣ ಕುರ್ಚಿಯಿಂದ ಅರ್ಧ ಎದ್ದ. “ಬೇಗ ಬೇಗ ಅಂದ್ರಿ! ಬೇಗ ಬೇಗ ಅಂದ!”

ಆ ಮಧ್ಯಾಹ್ನ ಅವನು ಹೇಳಿದ್ದರಲ್ಲಿ ಅದೊಂದೇ ಸತ್ಯ. ಈಶ್ವರಮ್ಮ ನಂಬದೆ ಹೋದದ್ದೂ ಅದೊಂದನ್ನೇ.

“ಸುಳ್ಳು ಕಣಕ್ಕ. ಕತ್ತಿ ಹಿಡ್ದೋನು ಹೊಡೀರಿ ಕಡೀರಿ ಅಂತಾನೆ. ಬೇಗ ಬೇಗ ಅನ್ನಾಕೆ ಅದೇನು ಬಸ್ಸಾ?”

ಸಂಗಣ್ಣ ಸತ್ಯವನ್ನು ಅಲ್ಲೇ ಬಿಟ್ಟು, “ಹೊಡೀರಿ ಅಂತನೂ ಆಗತೈತ್ರಿ ಅಕ್ಕಾರ,” ಎಂದು ಮೆತ್ತಗೆ ಕೂತ.

ಮುಂದಿನದು ಅರಮನೆಯ ಅಡುಗೆಮನೆ. ಆಳುಹೆಂಗಸರು ದೊಡ್ಡ ಒರಳಲ್ಲಿ ಏನನ್ನೋ ಕುಟ್ಟುತ್ತಿದ್ದರು. ಹೊರಗೆ ರಾಜಮಾತೆ ಹಾದು ಹೋಗುವವಳು ನಿಂತು, ಪಕ್ಕದ ದಾಸಿಗೆ ನಗುತ್ತ ಏನೋ ಹೇಳಿದಳು. ಸಂಗಣ್ಣನ ತಲೆಯಲ್ಲಿ ದೀಪ ಹತ್ತಿದ್ದು ಆಗ.

“ಅಮ್ಮಾರ, ಇದು ಬಾಳ ದೊಡ್ಡ ಮಾತ್ರಿ. ಆ ದಾಸಿ ಅಂತಾಳ್ರಿ, ಈ ಹೆಣ್ಮಕ್ಕಳು ನಸುಕಿನ್ಯಾಗ ಕುಟ್ಟಾಕ ಕುಂದರ್ತಾರ, ನಿಮಗ ನಿದ್ದಿ ಹತ್ತಂಗಿಲ್ಲ, ಇವರನ್ನ ಅರಮನಿ ಬಿಡಸೂಣ ಅಂತ. ಅದಕ್ಕ ರಾಜಮಾತೆ ಏನಂದ್ಳು ಗೊತ್ತೇನ್ರಿ?”

“ಏನಂದ್ಳು?”

“ಏ ಹುಚ್ಚಿ, ಇದು ಗದ್ಲ ಅಲ್ಲ, ನನ್ನ ಮನ್ಯಾಗ ಅನ್ನ ಐತಿ ಅನ್ನೂ ಸಪ್ಪಳ. ಈ ಸಪ್ಪಳ ನಿಂತ ದಿನ ನನಗ ನಿದ್ದಿ ಬರಂಗಿಲ್ಲ ಅಂದ್ಳ್ರಿ.”

ಅಂಜಿನಮ್ಮ ರಾಜಮಾತೆಯ ನೆರಿಗೆ ಮುಖವನ್ನೇ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. “ಎಂಥಾ ಎಣ್ಣು ನೋಡೇ ಈಶ್ವರಮ್ಮ. ನಾನೊಬ್ಳು, ಎಂಟು ತಿಂಗ್ಳಿಂದ ಆ ಮಗೀನ ಬೈಕೊಂಡೇ ಎದ್ದೆ. ಸಂಗಣ್ಣ, ಇನ್ಮೇಲೆ ರೊಟ್ಟಿ ಬಡಿಯೋದುಕ್ಕೆ ನಾನು ಒಂದು ಮಾತು ಅನ್ನಾಕಿಲ್ಲ. ಆಣೆಗೂ ಅನ್ನಾಕಿಲ್ಲ.”

ಸಂಗಣ್ಣನ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು. ಆಗಲೇ ಎದ್ದು ಹೋಗಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು. ಅವನು ಏಳಲೂ ಹೊರಟಿದ್ದ. ಈಶ್ವರಮ್ಮ ಅಂಗಿ ಹಿಡಿದು ಕೂರಿಸಿದಳು. “ಎಲ್ಲಿಗೆ? ಇನ್ನೂ ಕಾಲುಗಂಟೆ ಐತೆ. ರಾಜಕುಮಾರ ಸಾಯೋದು ನೋಡ್ಬೇಡ್ವಾ?”

ರಾಜಕುಮಾರ ಸತ್ತಿರಲಿಲ್ಲ. ಬಿಳಿ ಬಟ್ಟೆ ಉಟ್ಟು, ಕೂದಲು ಕೆದರಿಕೊಂಡು, ಅರಮನೆಯ ಬಾಗಿಲ ಮುಂದೆ ಚಾಪೆಯ ಮೇಲೆ ಮಂಡಿಯೂರಿದ್ದ. ಜಡಿಮಳೆ ಸುರಿಯುತ್ತಿತ್ತು. ಒಳಗೆ ರಾಜಮಾತೆ ಮುಖ ತಿರುಗಿಸಿಕೊಂಡು ಕೂತಿದ್ದಳು.

“ಅಯ್ಯೋ ನನ್ನಪ್ಪಾ, ಬಂದ್ಬುಟ್ಟವ್ನೆ!” ಅಂಜಿನಮ್ಮ ಎದ್ದು ಟಿವಿಯ ಹತ್ತಿರವೇ ಹೋದರು. “ಗಡಿಸೀಮೆ ಉಡುಗೀನ ಕಟ್ಕೊಂಡ ಅಂತ ಇವ್ಳೇ ಅಟ್ಟಿದ್ದು ಕಣೋ. ಏನಂತಾವ್ನೆ ಏಳು, ಬೇಗ ಏಳು!”

ಗೆದ್ದವನ ನಾಲಿಗೆ ತಡೆಯುವವರು ಯಾರು? ಸಂಗಣ್ಣ ತಾನೇ ರಾಜಕುಮಾರನೆಂಬಂತೆ ದನಿ ಎಳೆದ.

“ಯವ್ವಾ, ನನಗ ರಾಜ್ಯ ಬ್ಯಾಡ, ಕಿರೀಟ ಬ್ಯಾಡ ಅನ್ನಾಕತ್ತಾನ್ರಿ. ನನ್ನ ಹೇಣ್ತಿ ದೂರದಾಕಿ ಇರಬೌದು, ಆಕಿ ಊಟ ಬ್ಯಾರೆ, ಮಾತು ಬ್ಯಾರೆ. ಆದ್ರ ಆಕಿನೂ ಒಬ್ಬ ತಾಯಿ ಮಗಳ. ನಿನ್ನ ಅರಮನಿ ಹಿಂದ ಒಂದು ಸಣ್ಣ ಖೋಲಿ ಕೊಡು ಯವ್ವಾ, ಅಲ್ಲೇ ಬಿದ್ದಿರ್ತೀವಿ. ಮುಂಜಾನೆದ್ದು ನಿನ್ನ ಮಾರಿ ನೋಡಿದ್ರ ಸಾಕು ನನಗ ಅಂತಾನ್ರಿ.”

ಈಶ್ವರಮ್ಮನ ಕೈಯಿಂದ ಕಡಲೆಕಾಯಿ ಜಾರಿತು. ಅಂಜಿನಮ್ಮ ಹೋ ಎಂದು ಅತ್ತರು. ಅಳುತ್ತಲೇ ಮಂಚದ ಮೇಲಿನ ಫೋನು ತೆಗೆದು ಒಂದು ನಂಬರು ಒತ್ತಿದರು.

“ಲೋಕೇಶಾ... ನಾನು ಕಣಪ್ಪ, ನಿಮ್ಮವ್ವ.”

ಸಂಗಣ್ಣ ಈಶ್ವರಮ್ಮನ ಕಡೆ ನೋಡಿದ. ಅವಳು ಅವನ ಕಿವಿಗೆ ಬಾಗಿ ಪಿಸುಗುಟ್ಟಿದಳು: “ಇವ್ರ ಒಬ್ನೇ ಮಗ. ಮೂರು ವರ್ಸದ ಹಿಂದೆ ಹೆಬ್ಬಗೋಡಿ ಕಡೆ ಕೆಲ್ಸಕ್ಕೋಗಿ, ಅಲ್ಲಿ ನಿಮ್ ಕಡೆ ಹುಡುಗೀನ ಮದ್ವೆಯಾದ. ಭಾಗ್ಯಶ್ರೀ ಅಂತ, ಬಿಜಾಪುರದೋಳು. ರೊಟ್ಟಿ ಬಡಿಯೋಳು ನಮ್ಮನೆ ಹೊಸ್ಲು ತುಳೀಬಾರ್ದು ಅಂತ ಅಕ್ಕ ಅವತ್ತೇ ಅಟ್ಟಿದ್ರು.”

ಎಂಟು ತಿಂಗಳಲ್ಲಿ ಯಾರೂ ಸಂಗಣ್ಣನಿಗೆ ಇದನ್ನು ಹೇಳಿರಲಿಲ್ಲ.

“ಬಂದ್ಬುಡು ಕಣಪ್ಪ,” ಅಂಜಿನಮ್ಮ ಫೋನಿನಲ್ಲಿ ಹೇಳುತ್ತಿದ್ದರು. “ಸೊಸೇನೂ ಕರ್ಕೊಂಡು ಬಾ. ಅವ್ಳು ರೊಟ್ಟಿನಾದ್ರೂ ಬಡೀಲಿ, ಕೊಂಬಾದ್ರೂ ಊದ್ಲಿ. ರೂಮಾ? ಐತೆ ಕಣಪ್ಪ. ಹಿಂದ್ಗಡೆದು. ಈ ತಿಂಗಳ ಕೊನೆಗೆ ಖಾಲಿ ಆಯ್ತದೆ.”

ಸಂಗಣ್ಣ ಕುರ್ಚಿ ಬಿಟ್ಟು ಎದ್ದ. ಅಂಜಿನಮ್ಮ ಫೋನು ಕೆಳಗಿಟ್ಟದ್ದೇ ಅವರ ಕಾಲ ಹತ್ತಿರ ಕೂತು ಕೈ ಮುಗಿದ.

“ಅಮ್ಮಾರ, ತಪ್ಪಾತ್ರಿ. ನನಗ ಕೊರಿಯಾ ಭಾಷಾ ಬರಂಗಿಲ್ರಿ. ಆ ರಾಜಕುಮಾರ ಏನಂದ್ನೋ ದೇವರಿಗೇ ಗೊತ್ತು. ಖೋಲಿ ಪಾಲಿ ಎಲ್ಲಾ ನಾನ ಕಟ್ಟಿ ಹೇಳಿದ್ದು. ಅವನು ರೊಕ್ಕ ಕೇಳಾಕ ಬಂದಿರಬೌದ್ರಿ, ಆ ರಾಜಮಾತೇನ ಕಡಿಯಾಕನೂ ಬಂದಿರಬೌದ್ರಿ!”

ಅಂಜಿನಮ್ಮ ಮುಖ ಒರೆಸಿಕೊಂಡು ಅವನನ್ನು ಶಾಂತವಾಗಿ ನೋಡಿದರು.

“ಗೊತ್ತು ಕಣ್ಲಾ. ಆ ದಾಸಿ ಬಾಯೇ ಬಿಡ್ದಿದ್ರೂ ನೀನು ಅವ್ಳ ಕೈಲಿ ಅಷ್ಟು ಮಾತು ಆಡ್ಸಿದೆಯಲ್ಲ, ಅಲ್ಲೇ ಗೊತ್ತಾಯ್ತು. ಮೂರು ವರ್ಸದಿಂದ ಮಗನ ಕರೀ ಅಂತ ಯಾರಾದ್ರೂ ಒಬ್ರು ಏಳ್ಲಿ ಅಂತ ಕಾಯ್ತಿದ್ದೆ. ಈ ಗಂಡಸು ಏಳ್ಳಿಲ್ಲ, ಈ ಈಶ್ವರಮ್ಮ ಏಳ್ಳಿಲ್ಲ. ನನ್ ಬಾಯಿಗೆ ಎದ್ರಿಕೊಂಡು ಎಲ್ರೂ ಸುಮ್ಕಾದ್ರು. ರಾಜಕುಮಾರ ಏಳಿದ್ರೇನು, ನೀನು ಏಳಿದ್ರೇನು?”

ಹೊರಗಿನಿಂದ ಆಂಜಿನಪ್ಪ ಒಳಗೆ ಬಂದರು. ಸಂಗಣ್ಣನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅಷ್ಟು ಗೌರವ ಸಂಗಣ್ಣನಿಗೆ ಬೆಂಗಳೂರಿನಲ್ಲಿ ಇನ್ನೆಲ್ಲೂ ಸಿಕ್ಕಿರಲಿಲ್ಲ.

“ಆದ್ರ ಅಮ್ಮಾರ, ನೀವು ಮಾತು ಕೊಟ್ಟಿದ್ರಿ...”

“ಕೊಟ್ಟ ಮಾತು ತಪ್ಪೋಳಲ್ಲ ನಾನು,” ಎಂದರು ಅಂಜಿನಮ್ಮ. “ತಿಂಗಳ ಕೊನೆಗಂಟ ನಿನ್ನೆಂಡ್ರು ಎಷ್ಟು ಬೇಕಾದ್ರೂ ಬಡೀಲಿ. ಒಂದು ಮಾತು ಅನ್ನಾಕಿಲ್ಲ.”

ಸಂಗಣ್ಣ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕೂಗಿದರು.

“ಲೋ, ಬೇರೆ ಎಲ್ಲಿಗೋದ್ರೂ ಭಾನುವಾರ ತಪ್ಪಿಸ್ಬೇಡ. ಇನ್ನೂ ಮೂವತ್ತು ಕಂತು ಐತಂತೆ. ಅವ್ರು ಏಳೋದಕ್ಕಿಂತ ನೀನು ಏಳೋದೇ ಚೆಂದಾಗೈತೆ.”

ರೂಮಿನ ಬಾಗಿಲಲ್ಲೇ ಮಹಾನಂದಾ ಕಾಯುತ್ತಿದ್ದಳು. “ಏನಂದ್ರು?”

“ಬಾಳ ಚಂದ ಹೇಳ್ತಿ ಅಂದ್ರು,” ಎಂದು ಸಂಗಣ್ಣ ಅಟ್ಟದ ಮೇಲಿನ ಖಾಲಿ ಚೀಲಗಳನ್ನು ಒಂದೊಂದಾಗಿ ಇಳಿಸತೊಡಗಿದ.