ಅಧ್ಯಕ್ಷರ ಖಾಲಿ ದವಾಖಾನೆ

ನನಗೆ ಅಧ್ಯಕ್ಷನಾಗುವ ಆಸೆಯಿತ್ತು. ಇದನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವವರು ಕಡಿಮೆ. ನಮ್ಮಲ್ಲಿ ಎಲ್ಲರೂ ಗೆಳೆಯರ ಒತ್ತಾಯಕ್ಕೆ ಮಣಿದು, ಹಿರಿಯರ ಮಾತು ಮೀರಲಾರದೆ, ಬೇಡ ಬೇಡವೆನ್ನುತ್ತಲೇ ಅಧ್ಯಕ್ಷರಾಗುತ್ತಾರೆ. ನನ್ನನ್ನು ಮಾತ್ರ ಯಾರೂ ಒತ್ತಾಯಿಸಲಿಲ್ಲ. ದಯಮಾಡಿ ಒತ್ತಾಯಿಸಿರೆಂದು ನಾನೇ ಕೆಲವರನ್ನು ಒತ್ತಾಯಿಸಬೇಕಾಯಿತು. ಶಹಾಪುರದಲ್ಲಿ ನನ್ನದೊಂದು ಸಣ್ಣ ದವಾಖಾನೆ. ನೆಗಡಿ, ಜ್ವರ, ಬಿಪಿ, ಸಕ್ಕರೆ ಕಾಯಿಲೆ, ಇಷ್ಟೇ ನನ್ನ ಬಂಡವಾಳ. ಹೊಟ್ಟೆ ಕೊಯ್ಯುವ ವಿದ್ಯೆಯಾಗಲಿ, ಮುರಿದ ಮೂಳೆ ಕೂಡಿಸುವ ವಿದ್ಯೆಯಾಗಲಿ ನನಗೆ ಬರದು. ಇಂಥವನ ಹೆಸರಿಗೆ ಏನಾದರೂ ಒಂದು ತೂಕ ಬರಬೇಕಾದರೆ ಅಧ್ಯಕ್ಷಗಿರಿಯೊಂದೇ ದಾರಿ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರಿನ ಡಾಕ್ಟರುಗಳು ಸೇರಿ ಕಟ್ಟಿಕೊಂಡ ಸಂಘ ನಮ್ಮದು. ಅಧ್ಯಕ್ಷಗಿರಿ ವರ್ಷಕ್ಕೊಂದು ಊರಿನಂತೆ ಸುತ್ತುತ್ತದೆ. ನನ್ನ ಹಿಂದಿನವರ ವೃತ್ತಿಜೀವನವನ್ನು ನಾನು ಆಸೆಗಣ್ಣಿನಿಂದ ನೋಡಿಕೊಂಡು ಬಂದವನು. ಯಾದಗಿರಿಯ ಸರ್ಜನ್ ಒಬ್ಬರು ಅಧ್ಯಕ್ಷರಾದ ವರ್ಷ ಕತ್ತರಿ ಹಿಡಿದದ್ದೆಲ್ಲ ಉದ್ಘಾಟನೆಯ ರಿಬ್ಬನ್ ಕತ್ತರಿಸಲು. ನಮ್ಮ ಶಹಾಪುರದ ಹೆರಿಗೆ ಡಾಕ್ಟರಮ್ಮ ಮಾತ್ರ ತಮ್ಮ ಕಸುಬು ಬಿಡಲಿಲ್ಲ. ಒಮ್ಮೆ ಅಧ್ಯಕ್ಷೀಯ ಭಾಷಣದ ನಡುವೆಯೇ ಹೆರಿಗೆಗೆಂದು ಎದ್ದು ಓಡಿದರು. ಸಂಘದ ಚರಿತ್ರೆಯಲ್ಲೇ ಅಷ್ಟು ಜೋರಾದ ಚಪ್ಪಾಳೆ ಯಾವ ಭಾಷಣಕ್ಕೂ ಬಿದ್ದಿಲ್ಲ. ನನಗಿಂತ ಮುಂಚೆ ಇದ್ದವರು ಸುರಪುರದ ಮಕ್ಕಳ ಡಾಕ್ಟರು. ಅಳುವ ಕೂಸನ್ನು ಒಂದು ಮಾತಿನಲ್ಲಿ ಸುಮ್ಮನಾಗಿಸುವ ಅವರು, ಮೈಕು ಸಿಕ್ಕರೆ ದೊಡ್ಡವರನ್ನು ಅಳಿಸದೆ ಬಿಡುತ್ತಿರಲಿಲ್ಲ. ಇವರೆಲ್ಲರೂ ಅವಧಿ ಮುಗಿದ ಮೇಲೆ ಒಂದೇ ಮಾತು ಹೇಳುತ್ತಿದ್ದರು: "ಆ ವರ್ಷ ಪ್ರಾಕ್ಟೀಸು ಜರಾ ಬಿತ್ತು ನೋಡ್ರಿ." ಯಾಕೆ ಬಿತ್ತೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಸಭೆ ಸಮಾರಂಭಗಳ ಓಡಾಟವಿರಬೇಕೆಂದು ನಾನೂ ಕೇಳಲಿಲ್ಲ.

ಅಂತೂ ನನ್ನ ಸರದಿ ಬಂತು. ಯಾದಗಿರಿಯಲ್ಲಿ ಪದಗ್ರಹಣ. ಹೊಸ ಅಧ್ಯಕ್ಷರನ್ನು ಗಂಡನ ಅಥವಾ ಹೆಂಡತಿಯ ಸಮೇತ ವೇದಿಕೆಯ ಮೇಲೆ ಕೂಡಿಸಿ, ಇಬ್ಬರಿಗೂ ಶಾಲು ಹೊದಿಸಿ, ಇಬ್ಬರನ್ನೂ ಸೇರಿಸಿ ಒಂದೇ ದೊಡ್ಡ ಹಾರ ಹಾಕುವುದು ನಮ್ಮ ಸಂಘದ ಪದ್ಧತಿ. ನನ್ನ ಹೆಂಡತಿ ಶಾಂತಾ ಹೈಸ್ಕೂಲಿನ ಟೀಚರು, ಎಲ್ಲದಕ್ಕೂ ಕಾರಣ ಕೇಳುವವಳು. "ಅಧ್ಯಕ್ಷರಾಗಾವ್ರು ನೀವು. ನನ್ನ್ಯಾಕ ಕೂಡಸ್ತಾರ?" ಎಂದಳು. "ಎಲ್ಲಾರೂ ಜೋಡೀಲೆ ಕುಂತಾರ. ನೀ ಕೂಡಲಿಲ್ಲಂದ್ರ ಮಂದಿ ಏನಂದಾರು?" ಎಂದೆ. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಯಾವ ಟೀಚರ ಬಳಿಯೂ ಉತ್ತರವಿಲ್ಲ. ಬೀರುವಿನ ತಳದಲ್ಲಿದ್ದ ರೇಷ್ಮೆ ಸೀರೆ ಹೊರಬಂತು. ನಾನು ತಲೆಗೆ ಕಟ್ಟಿದ ಪೇಟ ಜಾರದಂತೆ ಕತ್ತು ನೆಟ್ಟಗೆ ಹಿಡಿದು, ಫೋಟೊಕ್ಕೆ ನಕ್ಕೆ.

ಮರುದಿನವೇ ನಮ್ಮ ದವಾಖಾನೆಯ ಪಕ್ಕದ ಔಷಧಿ ಅಂಗಡಿಯವರು ಪ್ರೀತಿಯಿಂದ ಆ ಫೋಟೊದ ಬ್ಯಾನರ್ ಮಾಡಿಸಿ ನನ್ನ ಬಾಗಿಲ ಮೇಲೆಯೇ ಕಟ್ಟಿಸಿದರು. ಅದರಲ್ಲಿ ನೂತನ ಅಧ್ಯಕ್ಷರಿಗೆ ಅಭಿನಂದನೆ ಎಂದು ಬರೆದಿತ್ತು ನಿಜ. ಆದರೆ ಅಕ್ಷರಕ್ಕಿಂತ ನಮ್ಮ ಮುಖಗಳೇ ದೊಡ್ಡವಾಗಿದ್ದವು. ನಾನಾದರೋ ಅಭಿನಂದನೆ ಸ್ವೀಕರಿಸುತ್ತ ಮೂರೂ ಊರು ಸುತ್ತುತ್ತಿದ್ದೆ. ದವಾಖಾನೆಗೆ ಕೆಲವು ದಿನ ಬೀಗ ಬಿದ್ದಿತ್ತು. ಬಾಗಿಲು ತೆರೆದು ಕೂತಾಗ ನೋಡುತ್ತೇನೆ, ರೋಗಿಗಳೇ ಇಲ್ಲ.

ಮೊದಮೊದಲು ನನಗೆ ಹೆಮ್ಮೆಯೇ ಆಯಿತು. ಸಣ್ಣಪುಟ್ಟ ನೆಗಡಿಗೆಲ್ಲ ಅಧ್ಯಕ್ಷರನ್ನು ಯಾಕೆ ಕಾಡುವುದೆಂದು ಜನ ಹಿಂಜರಿಯುತ್ತಿರಬಹುದು ಎಂದುಕೊಂಡೆ. ನಮ್ಮ ಕಂಪೌಂಡರ್ ಖಾಜಾಸಾಬನೂ ಧೈರ್ಯ ಹೇಳಿದ: "ಹತ್ತಿ ಬಿಡಸಾಕತ್ತಾರ್ರಿ ಸಾಹೇಬ್ರ. ಸುಗ್ಗಿ ಮುಗೀಲಿ, ತಾವಾಗೇ ಬರ್ತಾರ." ಹತ್ತಿ ಬಿಡಿಸಿ ಮುಗಿಯಿತು, ತೊಗರಿಯ ರಾಶಿಯೂ ಆಯಿತು. ಬೆಂಚುಗಳು ಖಾಲಿಯೇ ಉಳಿದವು. ಖಾಜಾಸಾಬ ಸಿರಿಂಜಿನ ಡಬ್ಬಿಗಳನ್ನು ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಇಡುತ್ತ ಹೊತ್ತು ಕಳೆಯತೊಡಗಿದ. ನಾನು ನನ್ನದೇ ಬಿಪಿ ನೋಡಿಕೊಳ್ಳತೊಡಗಿದೆ.

ಗುಟ್ಟು ಬಯಲಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಕೆಂಭಾವಿಯ ಕಿರಾಣಿ ಅಂಗಡಿಯ ಬಸವರಾಜಪ್ಪ ಎದುರಾದರು. ಅವರ ಸಕ್ಕರೆ ಕಾಯಿಲೆಗೆ ಮೊದಲಿನಿಂದಲೂ ಔಷಧ ಕೊಟ್ಟವನು ನಾನೇ. ಎರಡೂ ಕೈ ಜೋಡಿಸಿ, "ಶರಣ್ರೀ ಸಾಹೇಬ್ರ. ಭಾಳ ದುಡದ್ರಿ. ಇನ್ನ ಮೊಮ್ಮಕ್ಕಳ ಜೋಡಿ ಆರಾಮ ಇರ್ರಿ" ಎಂದರು.

"ನನಗ ಮೊಮ್ಮಕ್ಕಳಿಲ್ಲರಿ."

"ಆಗ್ತಾವ ಬಿಡ್ರಿ. ಪೆನ್ಷನ್ ಬರಾಕ ಶುರು ಆತೇನ್ರಿ?"

ಖಾಸಗಿ ದವಾಖಾನೆಯವನಿಗೆ ಪೆನ್ಷನ್ನೇ? ನನಗೆ ತಲೆಬುಡ ತಿಳಿಯಲಿಲ್ಲ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ದವಾಖಾನೆಗೆ ಬಂದರೆ ಬಾಗಿಲಿಗೆ ಬೀಗ, ಮೇಲೆ ನೋಡಿದರೆ ಗಂಡಹೆಂಡತಿ ಶಾಲು ಹೊದ್ದು, ಒಂದೇ ಹಾರದಲ್ಲಿ ಕೂತಿದ್ದಾರೆ. ಇನ್ನೇನು ತಿಳಿಯಬೇಕು? ನನಗೂ ಆಗಲೇ ಹೊಳೆದದ್ದು. ನಮ್ಮ ಕಡೆ ಗಂಡಹೆಂಡತಿಯನ್ನು ಹಾಗೆ ಜೋಡಿಯಾಗಿ ಕೂಡಿಸಿ ಹಾರ ಹಾಕುವುದು ಎರಡೇ ಸಲ. ಒಂದು ಮದುವೆಯಲ್ಲಿ, ಇನ್ನೊಂದು ಸರ್ಕಾರಿ ನೌಕರಿಯ ಮಾಸ್ತರೋ ತಲಾಠಿಯೋ ನಿವೃತ್ತರಾಗುವಾಗ, ಪೆಂಡಾಲು ಹಾಕಿ, ಊಟ ಹಾಕಿಸಿ. ಮದುವೆಯಲ್ಲವೆಂದು ಪೇಟದ ಕೆಳಗಿನ ನನ್ನ ನರೆಗೂದಲೇ ಹೇಳುತ್ತಿತ್ತು. ಉಳಿದದ್ದು ಇನ್ನೊಂದೇ.

"ಹಂಗಾದ್ರ ಈಗ ನೀವು ಯಾರ ಕಡಿ ತೋರಸ್ತೀರಿ?" ಎಂದು ಕೇಳಿದೆ.

"ಸುರಪುರದ ಮಕ್ಕಳ ಡಾಕ್ಟ್ರ ಕಡೀರಿ. ಸಣ್ಣವ್ರಿಗೆ ಕೊಡಾವ್ರು ದೊಡ್ಡವ್ರಿಗೆ ಕೊಡಲಾರ್ದೇನು? ಹ್ವಾದ ವರ್ಷ ಅವ್ರೂ ರಿಟೈರ್ ಆಗಿದ್ರು. ಮನ್ಯಾಗ ಕುಂತು ಬ್ಯಾಸರಾಗಿರಬೇಕು, ಮತ್ತ ಶುರು ಮಾಡ್ಯಾರ."

ಸುರಪುರಕ್ಕೆ ಫೋನು ಹಚ್ಚಿದೆ. ಮಕ್ಕಳ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೂ ಹಿಂದಿನವ್ರು ಹೇಳಿರಲಿಲ್ಲರಿ. ಹೇಳಿಬಿಟ್ರ ಮುಂದ ಅಧ್ಯಕ್ಷ ಯಾರಾಗ್ತಾರ?" ಎಂದರು. ನಾನೂ ನಕ್ಕೆ. ಮನೆಗೆ ಬಂದು ಹೇಳಿದರೆ ಶಾಂತಾ ನಗಲಿಲ್ಲ. "ನಿಮ್ಮ ಮಂದಿ ಬ್ಯಾರೆ ಕಡಿ ಹೋದ್ರು, ಇರಲಿ. ಎಲ್ಲಿಗೂ ಹೋಗದಾವ್ರು ಏನ್ ಮಾಡಾಕತ್ತಾರ?" ಎಂದು ಕೇಳಿದಳು.

ನನ್ನ ನಗು ಅಲ್ಲಿಗೇ ನಿಂತಿತು. ದೋರನಹಳ್ಳಿಯ ಶರಣಮ್ಮ ನೆನಪಾದಳು. ವಯಸ್ಸಾದ ಹೆಂಗಸು, ಬಿಪಿ ಬಹಳ. ಇಷ್ಟು ವರ್ಷ ತಿಂಗಳು ತಪ್ಪದೆ ಬಂದು ಗುಳಿಗೆ ಬರೆಸಿಕೊಂಡು ಹೋಗುತ್ತಿದ್ದಳು. ಇನ್ನೊಬ್ಬ ಡಾಕ್ಟರ ಮುಖ ಕಂಡವಳಲ್ಲ, ನಾನು ಕೊಡದ ಗುಳಿಗೆ ಬಾಯಿಗೆ ಹಾಕುವವಳೂ ಅಲ್ಲ. ಗುಳಿಗೆ ಮುಗಿದು ಎಷ್ಟೋ ದಿನವಾಗಿರಬೇಕು. ಅಂಥ ಬಿಪಿಗೆ ಗುಳಿಗೆ ತಪ್ಪಿದರೆ ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಬೆಳಿಗ್ಗೆ ಕೈ ಎತ್ತಲು ಬರುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಚಹಾ ಕುಡಿಯದೆ ಬಿಪಿ ನೋಡುವ ಯಂತ್ರ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ.

ಶರಣಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎರಡೂ ಕೈ ಆಡುತ್ತಿದ್ದದ್ದನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು. ಬಿಪಿ ನೋಡಿದೆ. ಬಹಳ ಏರಿತ್ತು. "ತಲಿ ತಿರಗ್ತೈತೇನವ್ವ?" ಎಂದೆ.

"ತಿರಗ್ತೈತ್ರಿ. ಈ ವಯಸ್ಸಿಗೆ ತಿರಗಲಾರ್ದೇನು?"

ಚೀಲದಲ್ಲಿದ್ದ ಗುಳಿಗೆ ತೆಗೆದು ಅಲ್ಲೇ ನುಂಗಿಸಿದೆ. ಆಮೇಲೆ ತುಸು ಸಿಟ್ಟಿನಿಂದಲೇ ಹೇಳಿದೆ: "ಗುಳಿಗಿ ಯಾಕ ಬಿಟ್ಟಿಯವ್ವ? ನಾ ರಿಟೈರ್ ಆಗಿಲ್ಲ. ನನ್ನ ಅಧ್ಯಕ್ಷ ಮಾಡ್ಯಾರ, ಅದಕ್ಕ ಹಾರ ಹಾಕಿದ್ರು. ಮಂದಿ ಅದನ್ನ ನೋಡಿ ತಪ್ಪ ತಿಳದಾರ."

"ಹಾರ ನಾ ಎಲ್ಲಿ ನೋಡ್ಲಿರಿ, ನನಗ ಕಣ್ಣ ಮಂಜ. ಮಂದಿ ಹೇಳಿದ್ರು, ನಾ ಹೌದಂದೆ. ನೀವು ಬಿಟ್ಟು ವರ್ಷಾತಲ್ರಿ" ಎಂದಳು ಶರಣಮ್ಮ, ಮೊರದಿಂದ ತಲೆ ಎತ್ತದೆ. "ಮೊದಲ ನಾ ಬಂದ್ರ ನಿದ್ದಿ ಬರ್ತೈತಿಲ್ಲೋ, ರೊಟ್ಟಿ ಸೇರ್ತೈತಿಲ್ಲೋ, ಸೊಸಿ ಹೆಂಗದಾಳ ಅಂತ ಕೇಳ್ತಿದ್ರಿ. ವರ್ಷಾತು, ನಾ ಬಾಯಿ ತೆರಿಯೂದ್ರಾಗ ಚೀಟಿ ಕೈಯಾಗ ಇಡ್ತಿದ್ರಿ. ಕಿವಿಗಿ ಯಾವಾಗಲೂ ಫೋನು. ನನಗೂ ಹೂಂ, ಫೋನಿಗೂ ಹೂಂ. ಮಂದಿಗೆ ಈಗ ತಿಳದೈತಿ. ನನಗ ಆವಾಗೇ ತಿಳದಿತ್ತು."

ಆ ಒಂದು ವರ್ಷ ನಾನು ಫೋನಿನಲ್ಲಿ ಮೂರೂ ಊರಿನ ಡಾಕ್ಟರುಗಳ ಬೆಂಬಲ ಕೇಳುತ್ತಿದ್ದೆ. ಅದನ್ನು ಈ ಮುದುಕಿಗೆ ಹೇಗೆ ಹೇಳಲಿ? ನಾಚಿಕೆಯಾಗಿ ಬಿಪಿ ಯಂತ್ರವನ್ನು ಚೀಲಕ್ಕೆ ತುರುಕಿದೆ. ಏನಾದರೂ ಕೇಳಬೇಕೆಂದು, "ಸೊಸಿ ಹೆಂಗದಾಳವ್ವ?" ಎಂದೆ. ಸೊಸೆ ಚಹಾದ ಲೋಟ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಶರಣಮ್ಮ ಅವಳನ್ನೊಮ್ಮೆ ನೋಡಿ, "ಇವತ್ತ ಛಲೋ ಅದಾಳ. ಉಳದದ್ದ ದವಾಖಾನ್ಯಾಗ ಹೇಳ್ತೇನ್ರಿ" ಎಂದಳು.

ಹೇಳಿದ ಮಾತಿನಂತೆ ಮುಂದಿನ ವಾರ ಬಂದಳು. ಬಿಪಿ ಇಳಿದಿತ್ತು, ಸೊಸೆಯ ವಿಷಯ ಏರಿತ್ತು. ಎಲ್ಲವನ್ನೂ ಕೇಳಿದೆ. ಅವಳು ಊರಿಗೆ ಹೋಗಿ ಏನು ಡಂಗುರ ಸಾರಿದಳೋ, ದೋರನಹಳ್ಳಿಯ ಬಸ್ಸು ಇಳಿದವರೆಲ್ಲ ನನ್ನ ಬಾಗಿಲಿಗೇ ಬರತೊಡಗಿದರು. "ಡಾಕ್ಟ್ರು ಮತ್ತ ಡ್ಯೂಟಿಗಿ ಬಂದಾರ, ಈ ಸಲ ಮಾತೂ ಕೇಳ್ತಾರ ಅಂತ ಶರಣಮ್ಮ ಹೇಳ್ಯಾಳ್ರಿ" ಎಂದು ಒಬ್ಬಾಕೆ ಖಾಜಾಸಾಬನಿಗೆ ಹೇಳುವುದು ಒಳಗೆ ಕೇಳಿಸಿತು. ಬಂದವರು ಔಷಧಕ್ಕೆ ಬಂದರೋ ನನ್ನ ಪರೀಕ್ಷೆಗೆ ಬಂದರೋ ತಿಳಿಯದು. ಒಬ್ಬೊಬ್ಬರೂ ಕೆಮ್ಮನ್ನು ಅಜ್ಜನ ಕಾಲದಿಂದ ಶುರು ಮಾಡುವವರೇ. ಈ ಗದ್ದಲದಲ್ಲಿ ಸಂಘದ ಮೊದಲ ಕಾರ್ಯಕಾರಿ ಸಭೆಗೆ ಯಾದಗಿರಿಗೆ ಹೋಗುವುದೇ ಆಗಲಿಲ್ಲ.

ಸಭೆಯ ದಿನ ಸಂಜೆ ಸಂಘದ ಕಾರ್ಯದರ್ಶಿಯ ಫೋನು ಬಂತು. ಎದುರಿಗೆ ಮೊಣಕಾಲು ನೋವಿನ ಮುದುಕರೊಬ್ಬರು ಕೂತಿದ್ದರೂ, ಅಧ್ಯಕ್ಷನಲ್ಲವೇ, ಎತ್ತಿದೆ. "ಸಭಿ ಹೆಂಗಾತ್ರಿ?" ಎಂದೆ.

"ಭಾಳ ಛಲೋ ಆತ್ರಿ ಸರ್. ಅಧ್ಯಕ್ಷೀಯ ಭಾಷಣ ಇರಲಿಲ್ಲಲ್ಲ, ಲಗೂನ ಮುಗೀತು. ಮುಂದಿನ ಸಭಿಗೂ ನಿಮಗ ತ್ರಾಸ ಕೊಡೂದು ಬ್ಯಾಡ ಅಂತ ಎಲ್ಲಾರೂ ಅಂದ್ರು."

ಫೋನಿಟ್ಟು ತಲೆ ಎತ್ತಿದರೆ ಮುದುಕರು ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ನನ್ನ ಮಾತು ಎಲ್ಲಿತನಕ ಬಂದಿತ್ತು, ಹೇಳ್ರಿ ನೋಡೂಣು" ಎಂದರು.

"ನಿಮ್ಮ ಮದುವಿತನಕ ಬಂದಿತ್ರಿ."

ಅವರಿಗೆ ಸಮಾಧಾನವಾಯಿತು. ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಚಾಚಿ ಕೂತು ಮುಂದುವರಿಸಿದರು. ಮೊಣಕಾಲು ನೋವು ಶುರುವಾದದ್ದು ಹೋದ ಸೋಮವಾರ.