ನಾನು ಗಂಗೆಯನ್ನು ಇಳಿಸಿದ್ದು

ಒಳ್ಳೆಯ ಕೆಲಸಕ್ಕೆ ಕೈ ಹಾಕಿದವನಿಗೆ ಊರು ಹೂವಿನ ಹಾರ ಹಾಕುತ್ತದೆ ಎಂದು ನಾನು ನಂಬಿದ್ದ ಕಾಲವದು. ನಿಜಾಮರ ಆಳ್ವಿಕೆ. ನಾನು ರಾಯಚೂರಿನಿಂದ ನಾರಾಯಣಪೇಟೆಗೆ ಬಂದ ಶಾಲೆ ಮಾಸ್ತರ. ಹೆಂಡತಿ ಶಿವಮ್ಮನ ತವರೂ ಇದೇ ಊರು.

ಇಲ್ಲಿಯ ಬಸಲಿಂಗಪ್ಪನವರ ಭಜನೆ ಪದಗಳನ್ನು ಗದ್ವಾಲದವರೆಗೂ ಹಾಡುತ್ತಿದ್ದರು. ಆದರೆ ಹರೆಯದಲ್ಲಿ ಅವರು ಮೊಟ್ಟಮೊದಲು ಕಟ್ಟಿದ ಗಂಗೆಯ ಪದ ಮಾತ್ರ ಯಾವ ಭಜನೆಯಲ್ಲೂ ಕೇಳಿಸುತ್ತಿರಲಿಲ್ಲ. ಎರಡು ಮೇಳ ಎದುರುಬದುರು ಕುಳಿತು, ಒಂದು ಎತ್ತಿ ಇನ್ನೊಂದು ಉತ್ತರ ಕೊಡುವ ಭಾರಿ ಪದ! ಇಂಥದ್ದನ್ನು ಮರೆಯುವುದೆಂದರೆ? ಸಿಟ್ಟು ನೆತ್ತಿಗೇರಿತು. ಅದರ ಉದ್ಧಾರಕ್ಕೆ ಟೊಂಕ ಕಟ್ಟಿದೆ.

"ಮಾಸ್ತರ್ರ, ಅದೊಂದು ಬ್ಯಾಡ್ರಿ," ಎಂದರು ಬಸಲಿಂಗಪ್ಪನವರು.

"ನಿಮ್ಮ ವಿನಯ ದೊಡ್ಡದ್ರಿ!"

"ವಿನಯ ಅಲ್ರಿ, ಅಂಜಿಕಿ!"

ದೊಡ್ಡವರ ಮಾತು ಹಾಗೇ ಇರುತ್ತದೆ ಎಂದುಕೊಂಡೆ.

ನೇಕಾರರ ಓಣಿಯ ಗಂಡಸರನ್ನು ಹಿಡಿದು ತಾಲೀಮು ಮಾಡಿಸಿದೆ. ಹಾಡುತ್ತಲೇ ಅವರು ಮುಸಿಮುಸಿ ನಗುತ್ತಿದ್ದರು. ಭಕ್ತಿಯ ಆನಂದವಿರಬೇಕು!

ಪದ ಹಾಡಿಸುವ ಸಂಜೆ ಊರ ಮಠದ ಅಂಗಳ ತುಂಬಿತು. ಸಭೆಗೆ ಇಜಾಜತ್, ಅಂದರೆ ಪರವಾನಗಿ, ಕೊಟ್ಟ ತಹಸೀಲ್ದಾರ ಸಾಹೇಬರೇ ಮಖ್ತಲದಿಂದ ಬರುವವರಿದ್ದರು. ಎಡವಟ್ಟಾದರೆ ನನ್ನ ನೌಕರಿಗೇ ಕುತ್ತು. ಅವರು ಬರುವುದು ತಡವಾಯಿತು. ನಾನು ಹಾರ್ಮೋನಿಯಂ ಒತ್ತಿದೆ.

ಮೊದಲ ಮೇಳ ಗಂಭೀರವಾಗಿ ಎತ್ತಿತು: "ಗಂಗೆ ಇಳಿದು ಬಂದಳೋ..."

ಎರಡನೆಯ ಮೇಳ ಬಾಯಿ ತೆರೆಯುವ ಮೊದಲೇ, ಕೇಳಲು ಬಂದಿದ್ದ ಹೆಂಗಸರೆಲ್ಲ ಒಟ್ಟಾಗಿ ಉತ್ತರ ಕೊಟ್ಟರು:

"ಹೊಟ್ಟಿ ಮೊದಲು ಬಂತಲ್ಲೋ, ಮದುಮಗ ಎಲ್ಲಿ ಉಳಿದಾನೋ!"

ಸರಿಯಾಗಿ ಆಗಲೇ ತಹಸೀಲ್ದಾರರ ಹೊಟ್ಟೆ ಬಾಗಿಲು ದಾಟಿತು. ಹಿಂದೆ ಅವರು ಬಂದರು.

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು.

"ನಿಲ್ಲಸ್ರಿ!" ಎಂದು ಚೀರಿದೆ. ಮೇಳದ ಮಹಾಶಯರು ಅದನ್ನೂ ತಾಳಕ್ಕೆ ಸೇರಿಸಿ ಹಾಡಿದರು!

ಸಾಹೇಬರು ಅರ್ಥ ಕೇಳಿದರು. ಯಾವನೋ ಪುಣ್ಯಾತ್ಮ ಉರ್ದುವಿನಲ್ಲಿ ಬಿಡಿಸಿ ಹೇಳಿದ. ನನ್ನ ಜೀವ ಬಾಯಿಗೆ ಬಂತು. ಸಾಹೇಬರು ಆ ಹೊಟ್ಟೆ ಹಿಡಿದುಕೊಂಡೇ ನಕ್ಕು, "ಫಿರ್ ಸೇ, ಮಾಸ್ಟರ್ ಸಾಬ್!" ಎಂದರು. ಇನ್ನೊಮ್ಮೆ ಬೇಕಾದದ್ದು ಗಂಗೆಯಲ್ಲ, ಹೊಟ್ಟೆ! ನಾನೇ ಹಾರ್ಮೋನಿಯಂ ಬಾರಿಸಬೇಕಾಯಿತು. ನೌಕರಿ ಉಳಿಯಿತು. ಮಾನ ಉಳಿಯಲಿಲ್ಲ.

ಮನೆಗೆ ಬಂದವನೇ ಶಿವಮ್ಮನ ಮೇಲೆ ಹಾರಾಡಿದೆ. "ದೇವರ ಪದಾನ ಹಿಂಗ ಕೆಡಸೂದಾ? ಮೊದಲಽ ಹೇಳಾಕ ನಿನಗೇನಾಗಿತ್ತು?"

"ಆ ಧಾಟಿಗೆ ಹೆಣ್ಮಕ್ಕಳು ಬೀಗರನ್ನ ಹಾಸ್ಯ ಮಾಡೋ ಪದ ಕಟ್ಟಿ ಯಾವ ಕಾಲ ಆತ್ರಿ! ಮದಿವಿಗೊಮ್ಮೆ ಹಾಡ್ತೀವಿ. ನಿಮಗ ಗೊತ್ತೈತಿ ಅಂತ ತಿಳಿದಿದ್ದೆ."

"ನನಗ ಹ್ಯಾಂಗ ಗೊತ್ತಿರ್ತೈತಿ?"

"ನಮ್ಮ ಮದಿವ್ಯಾಗ ನಿಮ್ಮ ಮುಂದಽ ಹಾಡಿದ್ರಲ್ರಿ! ನೀವು ಕಣ್ಣು ಮುಚ್ಚಿ, ಕೈ ಮುಗಿದು ಕುಂತಿದ್ರಿ."