ನೋ ಅಂದ್ರ ಬ್ಯಾಡ

ಅಮೆರಿಕದ ಪ್ರಜೆಯಾದ ಮೇಲೆ ನನ್ನ ಮೊದಲ ಮತ! ಮಿಶಿಗನ್ ರಾಜ್ಯದ ಭವಿಷ್ಯವೇ ನನ್ನ ಪೆನ್ನಿನ ತುದಿಯಲ್ಲಿದೆ ಎಂಬ ಗಾಂಭೀರ್ಯದಿಂದ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಸ್ಟರ್ಲಿಂಗ್ ಹೈಟ್ಸಿನ ನಮ್ಮ ಡೈನಿಂಗ್ ಟೇಬಲ್ಲಿನ ಮುಂದೆ ಕೂತೆ. ಮತಪತ್ರ ಅಂಚೆಯಲ್ಲೇ ಬಂದಿತ್ತು. ಪ್ರಶ್ನೆ ಇಷ್ಟೇ: ಸಿಗರೇಟಿನ ತೆರಿಗೆ ಏರಿಸುವ ಕಾನೂನು ಜಾರಿಯಾಗಬೇಕೆ? ಯೆಸ್ ಅಥವಾ ನೋ.

ಇಲ್ಲೊಂದು ಗುಟ್ಟು ಹೇಳಲೇಬೇಕು. ನಾನು ಸಿಗರೇಟು ಬಿಟ್ಟು ಎಂಟು ವರ್ಷವಾಯಿತೆಂದು ಹೆಂಡತಿ ಶೈಲಾ ನಂಬಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ. ಆದರೆ ಗರಾಜಿನಲ್ಲಿ, ಹಿಮ ಕರಗಿಸುವ ಉಪ್ಪಿನ ಬಕೆಟ್ಟಿನೊಳಗೆ, ಒಂದು ಪ್ಯಾಕು ಸದಾ ಇರುತ್ತಿತ್ತು. ಹೀಗಾಗಿ ಆತ್ಮಸಾಕ್ಷಿಗೆ ಅನುಗುಣವಾಗಿ 'ನೋ' ಎದುರಿನ ಗುಂಡಿಗೆ ಕಪ್ಪು ತುಂಬಿದೆ.

ಎದುರು ತನ್ನ ಮತಪತ್ರ ಹಿಡಿದು ಕೂತಿದ್ದ ಶೈಲಾ ಕೇಳಿದಳು: "ಅಲ್ರೀ, ಸಿಗರೇಟ್ ಬ್ಯಾಡ ಅಂದ್ರ ನೋ ಹಾಕೋದು, ಹೌದಲ್ಲ?"

ಆಹಾ! ತಿದ್ದಿದರೆ ಅವಳು ಯೆಸ್ ಹಾಕುತ್ತಾಳೆ, ನನ್ನ ಮತಕ್ಕೆ ಅವಳ ಮತ ವಜಾ. ಸುಮ್ಮನಿದ್ದರೆ ನನ್ನ ಕಡೆ ಎರಡು!

"ಹೂಂ," ಎಂದೆ.

ಅವಳು ತುಂಬಿದ್ದೇ ತಡ, ಗೆಳತಿಗೆ ಫೋನು ಹಚ್ಚಿದಳು. "ಸುಮಾ, ನೋ ಹಾಕ್ರಿ! ನಮ್ಮನಿಯವ್ರು ಮೂರು ಸಲ ಓದ್ಯಾರ." ಹೀಗೆ ನಾಲ್ಕು ಮನೆಗೆ ಸುದ್ದಿ ಮುಟ್ಟಿತು. ನಾನು ಕಾಫಿ ಲೋಟದ ಹಿಂದೆ ನಗು ನುಂಗುತ್ತಿದ್ದೆ.

ಅಷ್ಟರಲ್ಲಿ ಮಗಳು ಅನು ಸೀರಿಯಲ್ ಬಟ್ಟಲು ಹಿಡಿದು ಬಂದು ಇಣುಕಿದಳು. "ಅಮ್ಮಾ, ನೋ ಮೀನ್ಸ್ ನೋ ಟ್ಯಾಕ್ಸ್. ಯು ಜಸ್ಟ್ ಹೆಲ್ಪ್ಡ್ ದ ಸ್ಮೋಕರ್ಸ್!"

ಶೈಲಾ ನನ್ನತ್ತ ತಿರುಗಿದಳು. "ಮೂರು ಸಲ ಓದಿ ಹೂಂ ಅಂದ್ರಲ್ಲ? ತೆರಿಗಿ ಹೆಚ್ಚಾದ್ರ ನಿಮಗೇನ್ರಿ ತ್ರಾಸು?"

"ಏನು ತ್ರಾಸಾ? ಈಗ ಒಂದು ಪ್ಯಾಕಿಗೆ ಎಷ್ಟಾಗೇದ ಗೊತ್ತೇನು ನಿನಗ?"

ಹಾಳು ಬಾಯಿ!

"ನನಗ ಗೊತ್ತಿಲ್ಲ," ಎಂದಳು ಮೆಲ್ಲಗೆ. "ನಿಮಗ ಹ್ಯಾಂಗ ಗೊತ್ತು?"

ಬಕೆಟ್ಟಿನವರೆಗೂ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನನ್ನ ತಲಿ ಮ್ಯಾಲ ಕೈ ಇಟ್ಟಿದ್ರಿ," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಲ್ಕು ಮನೆಗೆ ಮತ್ತೆ ಫೋನು ಹೋಯಿತು, ಈ ಸಲ ಕಾರಣಸಮೇತ! ಆಮೇಲೆ ಇಬ್ಬರೂ ಹೊಸ ಮತಪತ್ರ ಕೇಳಲು ನಗರ ಕಚೇರಿಗೆ ಹೋದೆವು. ಹಳೆಯದು ಹೇಗೆ ಹಾಳಾಯಿತೆಂದು ಕೌಂಟರಿನಾಕೆ ಕೇಳಿದಳು. ಶೈಲಾ ನನ್ನತ್ತ ಬೆರಳು ತೋರಿಸಿ, "ಮೈ ಹಸ್ಬೆಂಡ್," ಎಂದಳು. ಆಕೆ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಈ ದೇಶದಲ್ಲಿ ಮತ ಗುಪ್ತವಂತೆ. ನಾನು ಯಾರೂ ಕೇಳದೆಯೇ ಯೆಸ್ ತುಂಬಿ ಹೆಂಡತಿಗೆ ತೋರಿಸಿದೆ.

ಮರುದಿನ, ಉಪ್ಪು ಎಷ್ಟಿದೆ ನೋಡುವ ನೆಪದಲ್ಲಿ ಗರಾಜಿಗೆ ಹೋದೆ. ಬಕೆಟ್ಟಿನಲ್ಲಿ ನಿಜಕ್ಕೂ ಬರೀ ಉಪ್ಪಿತ್ತು! ಮುಚ್ಚಳದ ಮೇಲೆ ಶೈಲಾಳ ದಪ್ಪ ಅಕ್ಷರ: 'ಬ್ಯಾಡ'.

ಹಿಂದೆಯೇ ಬಂದ ಅನು, ಭಾನುವಾರದ ಕನ್ನಡ ಕ್ಲಾಸಿನ ಕೃಪೆಯಿಂದ, ಅಕ್ಷರ ಕೂಡಿಸಿ ಓದಿದಳು. "ಬ್ಯಾ... ಡ... ಬ್ಯಾಡ್? ಅಪ್ಪಾ, ಈಸ್ ದಿಸ್ ಇಂಗ್ಲಿಷ್?"

"ಯಾವ ಭಾಷಾದಾಗ ಓದಿದ್ರೂ ಅಷ್ಟ ಪುಟ್ಟಿ," ಎಂದೆ. "ನನ್ನ ಬಗ್ಗೇನ ಬರದಾಳ."